ಫೋಟೋ ತೆಗೆದದ್ದಾಯಿತು, ಮಾರುವ ಮುಂಚೆ ಯಾರ ಸಹಿ ಬೇಕು?

2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ಒಂದು ಅರ್ಜಿಯನ್ನು ಕೈಗೆತ್ತಿಕೊಂಡು ಕೇಂದ್ರ ಸರ್ಕಾರ, ನಾಲ್ಕು ರಾಜ್ಯ ಸರ್ಕಾರಗಳು, ಒಂದು ರಾಷ್ಟ್ರೀಯ ಪಕ್ಷ ಮತ್ತು ಆನ್‌ಲೈನ್‌ನಲ್ಲಿ ಫೋಟೋ ಮಾರುವ ಶಟರ್‌ಸ್ಟಾಕ್ ಎಂಬ ಅಮೆರಿಕದ ಕಂಪನಿಗೆ ನೋಟಿಸ್ ಕೊಟ್ಟಿತು. ಆ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅರ್ಜಿ ಹಾಕಿದವರು ಮಹಾರಾಷ್ಟ್ರದ ಹಳ್ಳಿಯ ಒಬ್ಬ ಮಹಿಳೆ. ಪರಿಚಯದ ಫೋಟೋಗ್ರಾಫರ್ ಒಬ್ಬರು ಆ ಮಹಿಳೆಯ ಫೋಟೋ ತೆಗೆದು, ಅವರನ್ನು ಕೇಳದೆ ಶಟರ್‌ಸ್ಟಾಕ್‌ಗೆ ಹಾಕಿದರು. ಅಲ್ಲಿಂದ ಅದು ಸರ್ಕಾರಿ ಯೋಜನೆಗಳ ಜಾಹೀರಾತಿಗೆ, ಪಕ್ಷದ ಪ್ರಚಾರಕ್ಕೆ, ಖಾಸಗಿ ಕಂಪನಿಗಳ ಪೋಸ್ಟರಿಗೆ ಹೋಯಿತು ಎಂಬುದು ಅವರ ದೂರು. ಇದು ಗಂಭೀರ ವಿಷಯ ಎಂದು ಮೇಲ್ನೋಟಕ್ಕೆ ಕೋರ್ಟಿಗೂ ಅನ್ನಿಸಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಐಶ್ವರ್ಯಾ ರೈ ಮತ್ತು ಅಭಿಷೇಕ್ ಬಚ್ಚನ್ ಅವರ ಮುಖ, ಹೆಸರನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸಬಾರದು ಎಂದು ಆದೇಶ ಕೊಟ್ಟಿತು. ನವೆಂಬರ್‌ನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ನಿಯಮಗಳು ಹೊರಬಿದ್ದವು. ಒಂದರ ಹಿಂದೆ ಒಂದು ಬಂದ ಈ ಸುದ್ದಿಗಳಿಂದ ಫೋಟೋಗ್ರಾಫರ್‌ಗಳ ತಲೆ ಕೆಟ್ಟುಹೋಗಿದೆ. ಚಿತ್ರದುರ್ಗದ ಕೋಟೆ, ದಾವಣಗೆರೆಯ ಗಾಜಿನ ಮನೆ, ನಾಯಕನಹಟ್ಟಿ ಜಾತ್ರೆಯ ಫೋಟೋಗಳನ್ನು ಸ್ಟಾಕ್ ಸೈಟ್‌ಗಳಿಗೆ, ಅಂದರೆ ಶಟರ್‌ಸ್ಟಾಕ್‌ನಂತೆ ಫೋಟೋ ಮಾರುವ ವೆಬ್‌ಸೈಟ್‌ಗಳಿಗೆ, ಹಾಕುವವರು ಕೇಳುವುದು ಇಷ್ಟೇ: ಇನ್ನು ಮುಂದೆ ಎಲ್ಲದಕ್ಕೂ ಸಹಿ ಬೇಕಾ? ಯಾವುದಕ್ಕೂ ಬೇಡವಾ? ಯಾರು ಸಹಿ ಹಾಕಬೇಕು?

ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಆದರೆ ಉತ್ತರ ಹುಡುಕುವ ದಾರಿ ಅಷ್ಟೇನೂ ಕಷ್ಟದ್ದಲ್ಲ.

ತೆಗೆಯುವುದು ಬೇರೆ, ಬಳಸುವುದು ಬೇರೆ

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ. ರಸ್ತೆಯಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಫೋಟೋ ತೆಗೆಯಬಾರದು ಎಂದು ಭಾರತದ ಯಾವ ಕಾನೂನೂ ಸಾರಾಸಗಟಾಗಿ ಹೇಳುವುದಿಲ್ಲ. ಮಾಡೆಲ್ ರಿಲೀಸ್, ಅಂದರೆ ಫೋಟೋದಲ್ಲಿರುವ ವ್ಯಕ್ತಿ ಸಹಿ ಮಾಡಿಕೊಡುವ ಒಪ್ಪಿಗೆ ಪತ್ರ, ಬೇಕಾಗುವುದು ಕ್ಲಿಕ್ ಮಾಡುವುದಕ್ಕಲ್ಲ. ಆ ಫೋಟೋವನ್ನು ಬೇರೆಯವರು ತಮ್ಮ ವಸ್ತು, ಸೇವೆ, ಪಕ್ಷ ಅಥವಾ ಯೋಜನೆಯ ಪ್ರಚಾರಕ್ಕೆ ಬಳಸುವಾಗ ಬೇಕಾಗುತ್ತದೆ. ಪ್ರಾಪರ್ಟಿ ರಿಲೀಸ್ ಕೂಡ ಹೀಗೆಯೇ. ಅಲ್ಲಿ ಸಹಿ ಹಾಕುವವರು ಕಟ್ಟಡದ, ಕಲಾಕೃತಿಯ ಅಥವಾ ಜಾಗದ ಹಕ್ಕುದಾರರು.

ಈ ಪದ್ಧತಿ ಶುರುವಾದ ಕಥೆ ಹಳೆಯದು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹಿಟ್ಟು ಮಾರುವ ಒಂದು ಕಂಪನಿ, ಅಬಿಗೇಲ್ ರಾಬರ್‌ಸನ್ ಎಂಬ ಹುಡುಗಿಯ ಚಿತ್ರವನ್ನು ಅವಳನ್ನು ಕೇಳದೆ ಸುಮಾರು 25,000 ಪೋಸ್ಟರ್‌ಗಳಲ್ಲಿ ಅಚ್ಚು ಹಾಕಿಸಿತು. ಅವಳು ಕೋರ್ಟಿಗೆ ಹೋದಳು. 1902ರಲ್ಲಿ ಅಲ್ಲಿನ ಮೇಲಿನ ಕೋರ್ಟು, ಅಂಥ ಹಕ್ಕು ಕಾನೂನಿನಲ್ಲಿ ಇಲ್ಲ ಎಂದು ಹೇಳಿ ಕೈಚೆಲ್ಲಿತು. ಜನ ಸಿಟ್ಟಿಗೆದ್ದರು. ಮರು ವರ್ಷವೇ, 1903ರಲ್ಲಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆಯದೆ ವ್ಯಕ್ತಿಯ ಹೆಸರು, ಚಿತ್ರವನ್ನು ಜಾಹೀರಾತಿಗೆ ಬಳಸಬಾರದು ಎಂಬ ಕಾನೂನು ಬಂತು. ಇವತ್ತು ಸ್ಟಾಕ್ ಕಂಪನಿಗಳು ಕೇಳುವ ಕಾಗದದ ಬೇರು ಅಲ್ಲಿದೆ.

ಭಾರತದಲ್ಲಿ ಇಷ್ಟು ನೇರವಾದ ಒಂದು ಕಾಯ್ದೆ ಇಲ್ಲ. ಕೋರ್ಟ್ ತೀರ್ಪುಗಳಿಂದ ಹಕ್ಕು ಬೆಳೆದು ಬಂದಿದೆ. 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನದ ಹಕ್ಕಿನ ಬಗ್ಗೆ ಸ್ಪಷ್ಟವಾಗಿ ಮಾತಾಡಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಅರ್ಜಿ ಹಾಕಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಹಕ್ಕು ಸಿನಿಮಾ ತಾರೆಯರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ತಪ್ಪು. ತಾರೆಯರ ಮುಖಕ್ಕೆ ಮಾರುಕಟ್ಟೆ ಬೆಲೆ ಜಾಸ್ತಿ, ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯೂ ಜಾಸ್ತಿ, ಹಾಗಾಗಿ ಅವರ ಪ್ರಕರಣಗಳು ಸುದ್ದಿಯಾಗುತ್ತವೆ. ಖಾಸಗಿತನದ ಹಕ್ಕು ಚಳ್ಳಕೆರೆಯ ಶೇಂಗಾ ಹೊಲದಲ್ಲಿ ಕಳೆ ಕೀಳುವ ಹೆಂಗಸಿಗೂ ಅಷ್ಟೇ ಇದೆ.

ಸುದ್ದಿಗೋ, ಜಾಹೀರಾತಿಗೋ

ಸ್ಟಾಕ್ ಸೈಟ್‌ಗಳಲ್ಲಿ ಎರಡು ಬಾಗಿಲುಗಳಿವೆ. ಒಂದು ಕಮರ್ಷಿಯಲ್, ಇನ್ನೊಂದು ಎಡಿಟೋರಿಯಲ್. ಕಮರ್ಷಿಯಲ್ ಎಂದು ಹಾಕಿದ ಫೋಟೋವನ್ನು ಕೊಂಡವರು ಜಾಹೀರಾತು, ಪ್ಯಾಕೆಟ್, ಹೋರ್ಡಿಂಗ್, ಕಂಪನಿ ವೆಬ್‌ಸೈಟ್ ಎಲ್ಲದಕ್ಕೂ ಬಳಸಬಹುದು. ಅದಕ್ಕೇ ಗುರುತು ಹತ್ತುವ ಪ್ರತಿಯೊಬ್ಬರ ಸಹಿ ಬೇಕು. ಎಡಿಟೋರಿಯಲ್ ಎಂದು ಹಾಕಿದ್ದನ್ನು ಸುದ್ದಿ, ಲೇಖನ, ಪಠ್ಯಪುಸ್ತಕ, ಸಾಕ್ಷ್ಯಚಿತ್ರಗಳಿಗೆ ಮಾತ್ರ ಬಳಸಬಹುದು. ಅದಕ್ಕೆ ಸಾಮಾನ್ಯವಾಗಿ ಸಹಿ ಬೇಕಿಲ್ಲ. ಬದಲಿಗೆ ಊರು, ದಿನಾಂಕ, ಏನು ನಡೆಯುತ್ತಿದೆ ಎಂಬ ನಿಖರ ವಿವರಣೆ ಬೇಕು, ಫೋಟೋವನ್ನು ತಿದ್ದಿ ತೀಡಿ ಬದಲಿಸಿರಬಾರದು.

ದಾವಣಗೆರೆಯ ದುಗ್ಗಮ್ಮನ ಜಾತ್ರೆಯನ್ನೇ ತೆಗೆದುಕೊಳ್ಳಿ. ಎರಡು ವರ್ಷಕ್ಕೊಮ್ಮೆ ಊರಿಗೆ ಊರೇ ಸೇರುತ್ತದೆ. ಅಲ್ಲಿ ನಿಂತ ನೂರಾರು ಜನರ ಸಹಿ ತರುವುದು ಆಗದ ಮಾತು. ಆ ಫೋಟೋ ಎಡಿಟೋರಿಯಲ್ ಆಗಿ ಹೋದರೆ ಯಾವ ತಕರಾರೂ ಇಲ್ಲ. ಅದನ್ನೇ ಕಮರ್ಷಿಯಲ್ ಎಂದು ಗುರುತು ಹಾಕಿದರೆ ನಾಳೆ ಅದರೊಳಗಿನ ಒಬ್ಬ ಅಜ್ಜಿಯ ಮುಖವನ್ನು ಮಾತ್ರ ಕತ್ತರಿಸಿ ಮಂಡಿನೋವಿನ ಎಣ್ಣೆಯ ಜಾಹೀರಾತಿಗೆ ಹಾಕಬಹುದು. ಅಜ್ಜಿಗೆ ಆ ಎಣ್ಣೆಯ ಹೆಸರೇ ಗೊತ್ತಿರುವುದಿಲ್ಲ.

ಹಾಗಾದರೆ ಎಲ್ಲರೂ ಎಡಿಟೋರಿಯಲ್ ಎಂದೇ ಹಾಕಿಬಿಡಬಾರದಾ? ಹಾಕಬಹುದು. ಆದರೆ ಕೊಳ್ಳುವವರು ಹೆಚ್ಚು ಇರುವುದು ಕಮರ್ಷಿಯಲ್ ಕಡೆ. ಪ್ರಲೋಭನೆ ಹುಟ್ಟುವುದೂ ಅದಕ್ಕೇ. ಶಟರ್‌ಸ್ಟಾಕ್ 2020ರಲ್ಲಿ ದರ ಬದಲಿಸಿದ ಮೇಲೆ ಒಂದು ಡೌನ್‌ಲೋಡ್‌ಗೆ ಕನಿಷ್ಠ ಸಿಗುವುದು 10 ಸೆಂಟ್, ಅಂದರೆ ಒಂಬತ್ತು ರೂಪಾಯಿ ಆಸುಪಾಸು. ಇಷ್ಟು ಸಣ್ಣ ಮೊತ್ತದಲ್ಲಿ ಬದುಕಬೇಕಾದವರು ಡೌನ್‌ಲೋಡ್ ಸಂಖ್ಯೆ ಹೆಚ್ಚಿಸಲು ನೋಡುವುದು ಸಹಜ. ಆ ಒಂಬತ್ತು ರೂಪಾಯಿಯ ಹಿಂದೆ ಎಷ್ಟು ದೊಡ್ಡ ಹೊಣೆ ಇದೆ ಎಂಬುದು ಒಪ್ಪಂದ ಓದಿದರೆ ಗೊತ್ತಾಗುತ್ತದೆ. ಫೋಟೋ ಹಾಕುವಾಗ ನಾವು ಒತ್ತುವ ಒಪ್ಪಂದದಲ್ಲಿ, ಬೇಕಾದ ಎಲ್ಲ ಅನುಮತಿ ನನ್ನ ಬಳಿ ಇದೆ, ಇಲ್ಲದಿದ್ದರೆ ಬರುವ ನಷ್ಟ ನನ್ನದು ಎಂಬ ಅರ್ಥದ ಷರತ್ತು ಇರುತ್ತದೆ. ಕೇಸು ಬಿದ್ದರೆ ಕಂಪನಿ ಆ ಷರತ್ತನ್ನು ತೋರಿಸುತ್ತದೆ.

ಮಂಡಕ್ಕಿ ಭಟ್ಟಿಯ ಒಂದು ಫೋಟೋ

ನಿಯಮಗಳನ್ನು ಸುಮ್ನೆ ಓದುವುದಕ್ಕಿಂತ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ನೋಡೋಣ. ದಾವಣಗೆರೆಯ ಮಂಡಕ್ಕಿ ಭಟ್ಟಿ ಫೋಟೋಗ್ರಾಫರ್‌ಗಳಿಗೆ ಬಲು ಇಷ್ಟದ ಜಾಗ. ಕಾದ ಮರಳಿಗೆ ಅಕ್ಕಿ ಬಿದ್ದು ಅರಳುತ್ತದೆ, ಹೊಗೆಯ ನಡುವೆ ಬಿಸಿಲುಕೋಲು ಇಳಿಯುತ್ತದೆ, ಜರಡಿ ಹಿಡಿದ ಒಬ್ಬ ಹೆಂಗಸು ಬೆವರು ಒರೆಸಿಕೊಳ್ಳುತ್ತಾ ಕ್ಯಾಮೆರಾ ಕಡೆ ನೋಡುತ್ತಾಳೆ. ಹಿಂದೆ ತುಂಬಿದ ಚೀಲಗಳು. ಬಾಗಿಲ ಹತ್ತಿರ ಒಬ್ಬ ಹುಡುಗ ನಿಂತಿದ್ದಾನೆ.

ಈ ಒಂದು ಫ್ರೇಮಿನಲ್ಲಿ ಎಷ್ಟು ಜನರ ಒಪ್ಪಿಗೆ ಬೇಕು ನೋಡಿ. ಹೆಂಗಸಿನ ಮುಖ ಸ್ಪಷ್ಟವಾಗಿದೆ, ಅವಳ ಮಾಡೆಲ್ ರಿಲೀಸ್ ಬೇಕು. ಹುಡುಗ ಹದಿನೆಂಟು ತುಂಬದವನು, ಅವನ ಸಹಿಗೆ ಬೆಲೆ ಇಲ್ಲ, ತಂದೆ ಅಥವಾ ತಾಯಿ ಸಹಿ ಹಾಕಬೇಕು. ಅವನು ಭಟ್ಟಿಯಲ್ಲಿ ಕೆಲಸ ಮಾಡುತ್ತಿರುವ ಹಾಗೆ ಚಿತ್ರ ಕಂಡರೆ ಸಹಿ ಇದ್ದರೂ ಅದನ್ನು ಜಾಹೀರಾತಿಗೆ ಕೊಡಬಾರದು. ಬಾಲಕಾರ್ಮಿಕ ಎಂಬ ಗುರುತು ಆ ಮಗುವಿನ ಬೆನ್ನು ಬಿಡುವುದಿಲ್ಲ. ಭಟ್ಟಿ ಖಾಸಗಿ ಜಾಗ, ಮಾಲೀಕರು ಒಳಗೆ ಬಿಟ್ಟಿದ್ದಾರೆ ಎಂದ ಮಾತ್ರಕ್ಕೆ ಒಳಾಂಗಣದ ಚಿತ್ರವನ್ನು ವ್ಯಾಪಾರಕ್ಕೆ ಬಳಸಬಹುದು ಎಂದು ಒಪ್ಪಿದ ಹಾಗಲ್ಲ. ಜಾಗದ ಗುರುತು ಹತ್ತುವಂತಿದ್ದರೆ ಅವರಿಂದ ಪ್ರಾಪರ್ಟಿ ರಿಲೀಸ್ ತಗೊಳ್ಳುವುದು ಒಳ್ಳೆಯದು. ಚೀಲದ ಮೇಲೆ ಯಾವುದೋ ಕಂಪನಿಯ ಗುರುತು ಇದೆ, ಅದು ಟ್ರೇಡ್‌ಮಾರ್ಕ್. ಕಮರ್ಷಿಯಲ್ ಆಗಿ ಹಾಕುವುದಾದರೆ ಅದನ್ನು ಅಳಿಸಬೇಕು.

ಈಗ ಅದೇ ಜಾಗದಲ್ಲಿ ಇನ್ನೊಂದು ಫೋಟೋ. ಮರಳಿನಿಂದ ಎದ್ದು ಬರುವ ಮಂಡಕ್ಕಿ, ಅಷ್ಟೇ. ಮುಖ ಇಲ್ಲ, ಗುರುತು ಇಲ್ಲ, ಗೋಡೆ ಇಲ್ಲ. ಯಾರ ಸಹಿಯೂ ಬೇಕಿಲ್ಲ. ಬೆಣ್ಣೆ ದೋಸೆಗೂ ಇದೇ ಲೆಕ್ಕ. ತಟ್ಟೆಯಲ್ಲಿರುವ ದೋಸೆ, ಬೆಣ್ಣೆ, ಪಲ್ಯ, ಚಟ್ನಿಗೆ ಯಾರ ಅನುಮತಿಯೂ ಬೇಡ. ಹೋಟೆಲಿನ ಬೋರ್ಡು ಫ್ರೇಮಿನೊಳಗೆ ಬಂದ ಕೂಡಲೇ, ಹೆಂಚಿನ ಮುಂದೆ ನಿಂತ ಭಟ್ಟರ ಮುಖ ಬಂದ ಕೂಡಲೇ, ಲೆಕ್ಕ ಬದಲಾಗುತ್ತದೆ.

ಮುಖ ಕಾಣದಿದ್ದರೆ ಸಾಕೇ?

ಸಾಕಾಗುವುದಿಲ್ಲ. ಆ ವ್ಯಕ್ತಿ ತನ್ನನ್ನು ತಾನು ಗುರುತಿಸಬಲ್ಲನೇ, ಹತ್ತಿರದವರು ಗುರುತಿಸಬಲ್ಲರೇ ಎಂದು ಸ್ಟಾಕ್ ಕಂಪನಿಗಳ ಪರಿಶೀಲಕರು ನೋಡುತ್ತಾರೆ. ಕೈ ಮೇಲಿನ ಹಚ್ಚೆ, ವಿಶಿಷ್ಟ ಒಡವೆ, ನಿಲುವು, ಜೊತೆಗಿರುವ ಜಾಗ, ಇವೆಲ್ಲ ಸೇರಿ ಮುಖ ಇಲ್ಲದೆಯೂ ಗುರುತು ಕೊಡುತ್ತವೆ. ನಮ್ಮ ಕಡೆಯ ಹಳೆಯ ತಲೆಮಾರಿನ ಹೆಂಗಸರ ಮುಂಗೈ ಹಚ್ಚೆ ಫೋಟೋದಲ್ಲಿ ಎಷ್ಟು ಚೆಂದ ಬರುತ್ತದೋ ಅಷ್ಟೇ ಬೇಗ ಗುರುತನ್ನೂ ಬಿಟ್ಟುಕೊಡುತ್ತದೆ. ದೂರದಲ್ಲಿ ಕುರಿಮಂದೆಯ ಹಿಂದೆ ಕಂಬಳಿ ಹೊದ್ದು ನಡೆಯುವ ಒಬ್ಬ ಕುರಿಗಾಹಿಯ ನೆರಳಿಗೆ ಹೆಚ್ಚಿನ ಕಡೆ ಸಹಿ ಕೇಳುವುದಿಲ್ಲ.

ಕಾಗದ ಇಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ 2013ರಲ್ಲಿ ನ್ಯೂಯಾರ್ಕಿನಲ್ಲಿ ನಡೆದದ್ದು ಸಾಕು. ಎಚ್‌ಐವಿ ಪೀಡಿತರ ಹಕ್ಕುಗಳ ಬಗ್ಗೆ ಅಲ್ಲಿನ ಸರ್ಕಾರಿ ಇಲಾಖೆಯೊಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಅದರಲ್ಲಿದ್ದ ಯುವತಿಯ ಚಿತ್ರ ಗೆಟ್ಟಿ ಇಮೇಜಸ್ ಎಂಬ ಸ್ಟಾಕ್ ಕಂಪನಿಯಿಂದ ಕೊಂಡದ್ದು. ಆ ಯುವತಿಗೆ ಎಚ್‌ಐವಿ ಇರಲಿಲ್ಲ. ಫೋಟೋಗ್ರಾಫರ್ ಬಳಿ ಅವಳ ಒಪ್ಪಿಗೆ ಪತ್ರವೇ ಇರಲಿಲ್ಲ. ಅವಳು ಕೇಸು ಹಾಕಿದಳು, ಗೆಟ್ಟಿ ಮೇಲಿನ ಕೇಸು 2015ರಲ್ಲಿ ರಾಜಿಯಲ್ಲಿ ಮುಗಿಯಿತು. ಪರಿಹಾರ ಸಿಕ್ಕಿತು ಅಂದುಕೊಳ್ಳಿ, ಆ ಪತ್ರಿಕೆ ನೋಡಿದ ಪರಿಚಯದವರ ಮನಸ್ಸಿನಲ್ಲಿ ಹುಟ್ಟಿದ ಅನುಮಾನವನ್ನು ಯಾರು ತೆಗೆಯುತ್ತಾರೆ? ದೊಡ್ಡ ನಗರದಲ್ಲೇ ಹೀಗಾದರೆ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಹೊಸದುರ್ಗದ ಒಂದು ಹಳ್ಳಿಯಲ್ಲಿ ಏನಾಗಬಹುದು ಎಂದು ಯೋಚಿಸಿ. ಬಂಜೆತನದ ಚಿಕಿತ್ಸೆಯ ಫ್ಲೆಕ್ಸ್ ಮೇಲೆ, ಕುಡಿತ ಬಿಡಿಸುವ ಕೇಂದ್ರದ ಪಾಂಪ್ಲೆಟ್ ಮೇಲೆ ಒಂದು ಪರಿಚಿತ ಮುಖ ಬಂದರೆ ಆ ಮನೆಯವರು ಊರಲ್ಲಿ ತಲೆ ಎತ್ತಿ ಓಡಾಡುವುದು ಕಷ್ಟ.

ಕೋಟೆ, ಗಾಜಿನ ಮನೆ, ಓಬವ್ವನ ಪ್ರತಿಮೆ

ಕಟ್ಟಡಗಳ ವಿಷಯದಲ್ಲಿ ನಮ್ಮ ಕಾನೂನು ಸಾಕಷ್ಟು ಉದಾರ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ವಾಸ್ತುಶಿಲ್ಪದ ಫೋಟೋ ತೆಗೆಯುವುದು, ಪ್ರಕಟಿಸುವುದು ಉಲ್ಲಂಘನೆಯಲ್ಲ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪಕ್ಕೂ ಇದೇ ವಿನಾಯಿತಿ ಇದೆ. ಅಂದರೆ ಕುಂದವಾಡ ಕೆರೆ ಪಕ್ಕದ ಗಾಜಿನ ಮನೆ, ಚಿತ್ರದುರ್ಗದಲ್ಲಿರುವ ಒನಕೆ ಓಬವ್ವನ ಪ್ರತಿಮೆ, ಇವುಗಳ ಫೋಟೋ ಮಾರಲು ಭಾರತದ ಕೃತಿಸ್ವಾಮ್ಯ ಕಾನೂನು ಅಡ್ಡಿ ಬರುವುದಿಲ್ಲ.

ಆದರೂ ಸ್ಟಾಕ್ ಕಂಪನಿ ಓಬವ್ವನ ಪ್ರತಿಮೆಯ ಫೋಟೋವನ್ನು ಕಮರ್ಷಿಯಲ್ ಆಗಿ ತಗೊಳ್ಳದೆ ವಾಪಸ್ ಕಳಿಸಬಹುದು. ಯಾಕೆ? ಕೊಳ್ಳುವವರು ಯಾವ ದೇಶದಲ್ಲಿದ್ದಾರೆ ಎಂದು ಕಂಪನಿಗೆ ಮೊದಲೇ ಗೊತ್ತಿರುವುದಿಲ್ಲ. ಅಮೆರಿಕದ ಕಾನೂನು ಕಟ್ಟಡಗಳ ಫೋಟೋಗೆ ವಿನಾಯಿತಿ ಕೊಡುತ್ತದೆ, ಶಿಲ್ಪಗಳಿಗೆ ಕೊಡುವುದಿಲ್ಲ. ಫ್ರಾನ್ಸ್‌ನಲ್ಲಿ 2016ರಲ್ಲಿ ಬಂದ ವಿನಾಯಿತಿ ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ. ಐಫೆಲ್ ಟವರ್ 1889ರದ್ದು, ಅದರ ಹಗಲಿನ ಫೋಟೋಗೆ ತೊಂದರೆ ಇಲ್ಲ. ರಾತ್ರಿಯ ದೀಪಾಲಂಕಾರಕ್ಕೆ ಕೃತಿಸ್ವಾಮ್ಯ ಇದೆ. ಶಿಲ್ಪಿ ತೀರಿಕೊಂಡು 60 ವರ್ಷ ಆಗುವವರೆಗೆ ನಮ್ಮಲ್ಲಿ ಕೃತಿಸ್ವಾಮ್ಯ ಇರುತ್ತದೆ, ಮತ್ತು ಆ ಹಕ್ಕನ್ನು ಹೊರದೇಶಗಳೂ ಮಾನ್ಯ ಮಾಡುತ್ತವೆ. ಹೀಗಾಗಿ ಇಲ್ಲಿ ಸರಿಯಾದದ್ದು ಅಲ್ಲಿ ತಪ್ಪಾಗಬಹುದು. ಎಲ್ಲಕ್ಕಿಂತ ಬಿಗಿಯಾದ ದೇಶದ ಅಳತೆಯನ್ನೇ ಎಲ್ಲರಿಗೂ ಹಾಕುವುದು ಕಂಪನಿಗೆ ಸುಲಭ. ಫೋಟೋ ತಿರಸ್ಕಾರವಾದರೆ ನೀವು ಕಾನೂನು ಮುರಿದಿರಿ ಎಂದು ಅರ್ಥವಲ್ಲ.

ಚಿತ್ರದುರ್ಗದ ಕೋಟೆಗೆ, 13ನೇ ಶತಮಾನದ ಹರಿಹರೇಶ್ವರ ದೇವಸ್ಥಾನಕ್ಕೆ ಕೃತಿಸ್ವಾಮ್ಯದ ಪ್ರಶ್ನೆಯೇ ಬರುವುದಿಲ್ಲ, ಅಷ್ಟು ಹಳೆಯವು. ಅಲ್ಲಿರುವುದು ಜಾಗದ ನಿಯಮ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಕೈಯಲ್ಲಿ ಹಿಡಿದ ಕ್ಯಾಮೆರಾದಲ್ಲಿ ಏಕನಾಥೇಶ್ವರಿ ಗುಡಿ, ಓಬವ್ವನ ಕಿಂಡಿ, ಬುರುಜು ಎಲ್ಲವನ್ನೂ ತೆಗೆಯಬಹುದು. ಟ್ರೈಪಾಡ್ ನಿಲ್ಲಿಸಬೇಕು, ಲೈಟು ಇಡಬೇಕು, ಶೂಟಿಂಗ್ ತರಹ ಮಾಡಬೇಕು ಅಂದರೆ ಮೊದಲೇ ಅನುಮತಿ ತಗೊಳ್ಳಬೇಕು. ಕೋಟೆಯ ಮುಂದೆ ಓಬವ್ವನ ವೇಷ ಹಾಕಿ ಒನಕೆ ಹಿಡಿದು ನಿಂತ ಶಾಲೆಯ ಹುಡುಗಿ ಇದ್ದರೆ, ಕೋಟೆಗೆ ಸಹಿ ಬೇಡ, ಹುಡುಗಿಯ ತಂದೆ-ತಾಯಿಯ ಸಹಿ ಬೇಕು.

ಗೋಡೆಚಿತ್ರಗಳ ವಿಷಯ ಸ್ವಲ್ಪ ಸೂಕ್ಷ್ಮ. ಊರುಗಳಲ್ಲಿ ಈಗ ಕಾಂಪೌಂಡು, ಮೇಲ್ಸೇತುವೆ, ಶಾಲೆ ಗೋಡೆಗಳ ಮೇಲೆ ಬಣ್ಣದ ಚಿತ್ರಗಳು ಬಂದಿವೆ. 52ನೇ ಸೆಕ್ಷನ್ ಕೊಡುವ ವಿನಾಯಿತಿಯಲ್ಲಿ ಶಿಲ್ಪ ಇದೆ, ಕರಕುಶಲ ಕೃತಿ ಇದೆ, ವರ್ಣಚಿತ್ರ ಇಲ್ಲ. ಹಾಗಾಗಿ ಗೋಡೆಚಿತ್ರವನ್ನೇ ಇಡೀ ಫ್ರೇಮಿನಲ್ಲಿ ತುಂಬಿ ಮಾರುವುದಾದರೆ ಬರೆದ ಕಲಾವಿದರ ಒಪ್ಪಿಗೆ ಬೇಕು. ಆ ಕಲಾವಿದರೂ ನಿಮ್ಮ ಹಾಗೆಯೇ ಕೆಲಸ ಮಾಡಿ ಬದುಕುವವರು ತಾನೇ.

ಕಟ್ಟಡವೇ ಟ್ರೇಡ್‌ಮಾರ್ಕ್ ಆದ ಉದಾಹರಣೆಯೂ ಇದೆ. ಮುಂಬೈಯ ತಾಜ್ ಮಹಲ್ ಪ್ಯಾಲೇಸ್ ಹೋಟೆಲ್ 2017ರಲ್ಲಿ ತನ್ನ ಕಟ್ಟಡದ ಚಿತ್ರಕ್ಕೆ ನೋಂದಣಿ ಪಡೆಯಿತು, ದೇಶದಲ್ಲಿ ಅದೇ ಮೊದಲು. ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಸದ್ಯಕ್ಕೆ ಗಮನಿಸಬೇಕಾದದ್ದು ಅದಕ್ಕಿಂತ ಸರಳ: ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳ ಮೇಲೆ ಕಂಪನಿ ಹೆಸರು ಕಂಡರೆ ಅಳಿಸಿ, ಮಠ ಅಥವಾ ಮಿಲ್ಲಿನ ಒಳಗೆ ತೆಗೆದದ್ದಾದರೆ ಆಡಳಿತದವರನ್ನು ಕೇಳಿ.

ಮದುವೆ ಫೋಟೋ ಯಾರದ್ದು?

ಸ್ಟುಡಿಯೋ ಇಟ್ಟುಕೊಂಡವರು ಬಹಳ ಮಂದಿ ಇಲ್ಲಿ ಎಡವುತ್ತಾರೆ. ನಾನು ತೆಗೆದ ಫೋಟೋ, ಹಾಗಾಗಿ ನನ್ನದು ಎಂದು ಅವರ ನಂಬಿಕೆ. ಸಾಮಾನ್ಯವಾಗಿ ಅದು ನಿಜ. ಆದರೆ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಮದುವೆ, ನಾಮಕರಣ, ಸೀಮಂತ, ಪ್ರೀ-ವೆಡ್ಡಿಂಗ್ ಎಲ್ಲವೂ ಇದರಡಿ ಬರುತ್ತವೆ. ಹಾಗಾಗಿ ಮದುಮಗಳ ಚೆಂದದ ಫೋಟೋವನ್ನು ಸ್ಟಾಕ್ ಸೈಟಿಗೆ ಹಾಕಿದರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಕೃತಿಸ್ವಾಮ್ಯ ನಿಮ್ಮದಲ್ಲ, ಅವಳ ಒಪ್ಪಿಗೆಯೂ ಇಲ್ಲ. ಆರ್ಡರ್ ತಗೊಳ್ಳುವಾಗಲೇ ಈ ಎರಡನ್ನೂ ಬರೆದುಕೊಂಡರೆ ಮುಂದೆ ಜಗಳ ಇಲ್ಲ. ಅಡ್ವಾನ್ಸ್ ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿದ್ದನ್ನು ಒಪ್ಪಿಗೆ ಎನ್ನಲು ಆಗುವುದಿಲ್ಲ.

ಎರಡೂ ಕಡೆಯ ಮಾತು

ಫೋಟೋಗ್ರಾಫರ್‌ಗಳ ಅಳಲಿನಲ್ಲಿ ಹುರುಳಿದೆ. ಕ್ಷಣ ಸಿಗುವುದು ಒಂದೇ ಸಲ. ಮೊದಲೇ ಸಹಿ ಕೇಳಿದರೆ ಜನ ಬಿಗಿಯಾಗಿ ಪೋಸು ಕೊಡುತ್ತಾರೆ, ಆಮೇಲೆ ಕೇಳಿದರೆ ಕಾಗದ ನೋಡಿ ಹೆದರುತ್ತಾರೆ. ಇಂಗ್ಲಿಷ್‌ನಲ್ಲಿ ಬರೆದ ಪತ್ರಕ್ಕೆ ಸಹಿ ಹಾಕು ಎಂದರೆ ಜಮೀನೇ ಹೋಯಿತೇನೋ ಎಂದು ರೈತರು ಹಿಂಜರಿಯುವುದರಲ್ಲಿ ಆಶ್ಚರ್ಯ ಏನಿದೆ? ಅದೂ ಅಲ್ಲದೆ ಹಲವು ಕಂಪನಿಗಳು ಸಾಕ್ಷಿಯ ಸಹಿಯನ್ನೂ ಕೇಳುತ್ತವೆ, ಆ ಸಾಕ್ಷಿ ಫೋಟೋಗ್ರಾಫರ್ ಆಗಿರಬಾರದು. ಹೊಲದ ಬದುವಿನಲ್ಲಿ ಸಾಕ್ಷಿಯನ್ನು ಎಲ್ಲಿಂದ ತರುವುದು?

ಕಂಪನಿಗಳ ಮಾತು ವ್ಯವಹಾರದ್ದು. ಕೊಳ್ಳುವವರಿಗೆ ಕೇಸು ಬೀಳುವುದಿಲ್ಲ ಎಂಬ ಭರವಸೆ ಮಾರುವುದೇ ಅವರ ಕಸುಬು. ಆ ಭರವಸೆ ಇರದಿದ್ದರೆ ಯಾರೂ ದುಡ್ಡು ಕೊಟ್ಟು ಫೋಟೋ ತಗೊಳ್ಳುವುದಿಲ್ಲ.

ಕೊಳ್ಳುವ ಕಡೆಯವರ ಹೊಣೆ ಬಗ್ಗೆ ಮಾತ್ರ ಚರ್ಚೆ ಸಾಲದು ಅನ್ನಿಸುತ್ತದೆ. ಸರ್ಕಾರಿ ಇಲಾಖೆಗಳ ಜಾಹೀರಾತು ಮಾಡುವ ಏಜೆನ್ಸಿ, ಊರಿನ ಕೋಚಿಂಗ್ ಸೆಂಟರ್, ಫ್ಲೆಕ್ಸ್ ಅಂಗಡಿಯ ಡಿಸೈನರ್, ಇವರು ಎಡಿಟೋರಿಯಲ್ ಗುರುತನ್ನು ನೋಡದೆಯೇ ಅಥವಾ ಗೂಗಲ್‌ನಿಂದ ನೇರವಾಗಿ ಎತ್ತಿಕೊಂಡು ಅಚ್ಚು ಹಾಕಿಬಿಡುತ್ತಾರೆ. ಫೋಟೋಗ್ರಾಫರ್ ಸರಿಯಾಗಿ ಗುರುತು ಹಾಕಿದ್ದರೆ ಅಲ್ಲಿಂದ ಮುಂದಿನ ತಪ್ಪು ಬಳಸಿದವರದ್ದು. ಪುಕ್ಕಟೆ ಫೋಟೋ ಕೊಡುವ ಸೈಟ್‌ಗಳಲ್ಲಂತೂ ಚಿತ್ರದಲ್ಲಿರುವವರು ಒಪ್ಪಿದ್ದಾರೆ ಎಂಬ ಖಾತ್ರಿ ಸಾಮಾನ್ಯವಾಗಿ ಇರುವುದೇ ಇಲ್ಲ.

ಇನ್ನು ಫೋಟೋದಲ್ಲಿರುವವರು. ಈ ಇಡೀ ವ್ಯವಹಾರದಲ್ಲಿ ಅವರಿಗೆ ಬಿಡಿಗಾಸೂ ಬರುವುದಿಲ್ಲ, ಮಾನ ಹೋಗುವುದು ಮಾತ್ರ ಅವರದ್ದೇ. ಹಾಗಾಗಿ ತಕ್ಕಡಿಯಲ್ಲಿ ಮೊದಲ ತೂಕ ಅವರ ಕಡೆ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಬ್ಬೆಟ್ಟು ಒತ್ತಿದ ಮಾತ್ರಕ್ಕೆ ಒಪ್ಪಿಗೆಯೇ?

ಕಾಗದ ಇದ್ದರೆ ಸಾಕು ಎಂದು ನೆಮ್ಮದಿಯಾಗಿ ಕೂರುವ ಹಾಗೂ ಇಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು. ಏನಕ್ಕೆ ಒಪ್ಪುತ್ತಿದ್ದೇನೆ ಎಂದು ಗೊತ್ತಿಲ್ಲದೆ, ಒತ್ತಾಯಕ್ಕೆ, ತಪ್ಪು ಹೇಳಿ ಪಡೆದ ಸಹಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಅದೇ ಕಾಯ್ದೆಯ 25ನೇ ಸೆಕ್ಷನ್, ಪ್ರತಿಫಲ ಇಲ್ಲದ ಕರಾರು ಕೆಲವು ಸಂದರ್ಭ ಬಿಟ್ಟರೆ ಊರ್ಜಿತವಲ್ಲ ಎನ್ನುತ್ತದೆ. ಹಾಗಾಗಿ ಸಹಿ ಹಾಕಿದವರಿಗೆ ಹಣ ಕೊಡುವುದು ದಾನವಲ್ಲ, ಕಾಗದಕ್ಕೆ ಬಲ ಬರುವುದೇ ಅದರಿಂದ. ಕನಿಷ್ಠ ಅವರ ಒಂದು ದಿನದ ಕೂಲಿಯಷ್ಟಾದರೂ ಕೊಟ್ಟು, ಮೊತ್ತವನ್ನು ಪತ್ರದಲ್ಲೇ ಬರೆಯಬೇಕು. ಒಂದು ಟೀ ಕುಡಿಸಿ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಬಿಡಬೇಕು.

ಡಿಜಿಟಲ್ ಮಾಹಿತಿ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. 2023ರಲ್ಲಿ ಬಂದ ಈ ಕಾಯ್ದೆಯ ಮುಖ್ಯ ಹೊಣೆಗಳು ನಿಯಮ ಹೊರಬಿದ್ದ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರುತ್ತವೆ. ಗುರುತು ಹತ್ತುವ ಮುಖ ಕೂಡ ವೈಯಕ್ತಿಕ ಮಾಹಿತಿಯೇ. ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಹದಿನೆಂಟರ ಒಳಗಿನವರಿಗೆ ತಂದೆ-ತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು.

ಇಲ್ಲೊಂದು ಗಂಟು ಇದೆ. ಸ್ಟಾಕ್ ಕಂಪನಿಗಳ ರಿಲೀಸ್ ಪತ್ರ ಸಾಮಾನ್ಯವಾಗಿ, ಕೊಟ್ಟ ಒಪ್ಪಿಗೆ ವಾಪಸ್ ಪಡೆಯುವಂತಿಲ್ಲ ಎನ್ನುತ್ತದೆ. ಹೊಸ ಕಾಯ್ದೆ, ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು, ಆದರೆ ಅಲ್ಲಿಯವರೆಗೆ ನಡೆದದ್ದು ಅಕ್ರಮವಾಗುವುದಿಲ್ಲ ಎನ್ನುತ್ತದೆ. ದುಡ್ಡು ತಗೊಂಡು ಸಹಿ ಹಾಕಿದ ಕರಾರು ಗೆಲ್ಲುತ್ತದೆಯೋ, ಹಿಂಪಡೆಯುವ ಹಕ್ಕು ಗೆಲ್ಲುತ್ತದೆಯೋ ಎಂಬುದನ್ನು ಮುಂದೆ ಕೋರ್ಟುಗಳೇ ಬಿಡಿಸಬೇಕು. ಎಡಿಟೋರಿಯಲ್ ದಾರಿಗೂ ಒಂದು ಚಿಂತೆ ಇದೆ. ಈ ಮಸೂದೆಯ ಹಿಂದಿನ ಕರಡುಗಳಲ್ಲಿ ಪತ್ರಿಕೋದ್ಯಮಕ್ಕೆ ವಿನಾಯಿತಿ ಇತ್ತು, ಕಾಯ್ದೆಯಾಗಿ ಬಂದಾಗ ಅದು ಇರಲಿಲ್ಲ. ಪತ್ರಕರ್ತರ ಸಂಘಟನೆಗಳು ಇದಕ್ಕೆ ಆಕ್ಷೇಪ ಎತ್ತಿವೆ. ಸುದ್ದಿಗೆ ಸಹಿ ಬೇಡ ಎಂಬ ಈಗಿನ ರೂಢಿ ಉಳಿಯಬೇಕಾದರೆ ಆ ವಿನಾಯಿತಿ ವಾಪಸ್ ಬರಬೇಕು.

ಮುಂದೇನಾಗಬಹುದು

ನಿಯಮ ಬಿಗಿಯಾದ ಹಾಗೆ ಫೋಟೋಗ್ರಾಫರ್‌ಗಳು ಸುಲಭದ ದಾರಿಗೆ ಹೊರಳುತ್ತಾರೆ. ಬೆಂಗಳೂರಿನ ಮಾಡೆಲ್‌ಗೆ ಹೊಸ ಇಳಕಲ್ ಸೀರೆ ಉಡಿಸಿ, ಕೈಗೆ ಕುಡುಗೋಲು ಕೊಟ್ಟು, ರೈತ ಮಹಿಳೆ ಎಂದು ತೆಗೆಯುತ್ತಾರೆ. ಅಥವಾ ಎಐನಲ್ಲಿ ಇಲ್ಲದ ಮುಖವನ್ನು ಸೃಷ್ಟಿಸುತ್ತಾರೆ. ಆಗ ಬಯಲುಸೀಮೆಯ ನಿಜವಾದ ಜನ, ಬಿಸಿಲಿಗೆ ಕಂದಿದ ಅವರ ಚರ್ಮ, ಮೊಳಕಾಲ್ಮೂರಿನ ನೇಕಾರರ ಕೈ, ಭಟ್ಟಿಯ ಹೆಂಗಸರ ನಗು, ಇವೆಲ್ಲ ಜಾಹೀರಾತು ಜಗತ್ತಿನಿಂದ ಮಾಯವಾಗುತ್ತವೆ. ಇದು ಸಣ್ಣ ನಷ್ಟವಲ್ಲ. ನಮ್ಮನ್ನು ನಾವು ಸರಿಯಾಗಿ ನೋಡಿಕೊಳ್ಳುವ ಅವಕಾಶವೇ ಹೋಗುತ್ತದೆ.

ಆದರೆ ಇದನ್ನು ತಪ್ಪಿಸಬಹುದು. ಒಂದು ಪುಟದ ಕನ್ನಡ ಪತ್ರ ಸಾಕು: ಈ ಫೋಟೋ ಜಾಹೀರಾತಿಗೆ ಹೋಗಬಹುದು, ಯಾವ ಕಂಪನಿ ಎಂದು ನನಗೂ ಮೊದಲೇ ಗೊತ್ತಿರುವುದಿಲ್ಲ, ಎಐ ತರಬೇತಿಗೂ ಬಳಸಬಹುದು, ಬೇಡ ಅನ್ನಿಸಿದರೆ ಈಗಲೇ ಹೇಳಿ. ಇದನ್ನು ಓದಿ ಹೇಳಿ, ಹಣ ಕೊಟ್ಟು, ಕಂಪನಿಯ ನಮೂನೆಯ ಜೊತೆ ಸೇರಿಸಿ ಸಹಿ ಪಡೆದು, ಒಂದು ಪ್ರತಿಯನ್ನು ಅವರ ಕೈಗೂ ಕೊಡಬೇಕು. ಮೊಬೈಲ್ ಆ್ಯಪ್‌ನಲ್ಲಿ ಸಹಿ ಪಡೆದರೆ ಪ್ರತಿಯನ್ನು ವಾಟ್ಸ್‌ಆ್ಯಪ್‌ಗೆ ಕಳಿಸಬಹುದು. ಜಿಲ್ಲೆಯ ಫೋಟೋಗ್ರಾಫರ್ ಸಂಘಗಳು ಇಂಥ ಒಂದು ನಮೂನೆಯನ್ನು ವಕೀಲರ ಹತ್ತಿರ ಬರೆಸಿ ಎಲ್ಲರಿಗೂ ಹಂಚಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಈಗಾಗಲೇ ಹಾಕಿರುವ ಫೋಟೋಗಳಿಗೂ ಗಮನ ಕೊಡಬೇಕು. ಸಹಿ ಇಲ್ಲದೆ ಕಮರ್ಷಿಯಲ್ ಎಂದು ಹೋಗಿರುವ ಮುಖಗಳಿದ್ದರೆ ಇವತ್ತೇ ತೆಗೆಯುವುದು ಅಥವಾ ಸೈಟ್ ಒಪ್ಪಿದರೆ ಎಡಿಟೋರಿಯಲ್‌ಗೆ ಬದಲಿಸಲು ಕೇಳುವುದು ಒಳ್ಳೆಯದು. ನಕಲಿ ಸಹಿ ಹಾಕಿ ಕಳಿಸಿದ್ದರೆ ಅದು ಫೋರ್ಜರಿ, ಕಾಯುವುದರಲ್ಲಿ ಅರ್ಥವೇ ಇಲ್ಲ. ತೆಗೆದ ಮೇಲೂ ಅಷ್ಟರೊಳಗೆ ಮಾರಾಟವಾದ ಲೈಸೆನ್ಸ್‌ಗಳು ಸಾಮಾನ್ಯವಾಗಿ ಚಾಲ್ತಿಯಲ್ಲೇ ಇರುತ್ತವೆ. ಹಾಗಾಗಿ ಯಾವ ಫೋಟೋ ಎಷ್ಟು ಸಲ ಹೋಗಿದೆ ಎಂಬ ಪಟ್ಟಿಯನ್ನು ಖಾತೆಯಿಂದ ಇಳಿಸಿಕೊಂಡು, ಅದರಲ್ಲಿರುವವರ ಮನೆಗೆ ಹೋಗಿ ವಿಷಯ ತಿಳಿಸುವುದು ಬಾಕಿ ಇರುವ ಕೆಲಸ.